ತಮ್ಮನ ಕೈ, ನನ್ನ ಬೆನ್ನು

ಕ್ಷಯ ಎಂಬ ಮಾತನ್ನು ನಮ್ಮವರು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಗಂಡನ ಮನೆಯವರು ಶೀತ ಎಂದರು. ಅಮ್ಮ ‘ಆ ಕೆಮ್ಮು’ ಎಂದಳು. ಊರಿನವರು ಏನೂ ಅನ್ನದೆ ನಮ್ಮ ಬಾವಿಗೆ ನೀರಿಗೆ ಬರುವುದನ್ನು ಬಿಟ್ಟರು. ಆ ಹೆಸರನ್ನು ಮೊದಲು ಗಟ್ಟಿಯಾಗಿ ಹೇಳಿದವನು ನನ್ನ ತಮ್ಮ ನಂಜುಂಡ.

“ಟೀಬಿ ಕಣಕ್ಕ ಅದು. ಹೆಸರು ಹೇಳ್ದೆ ಇದ್ರೆ ಅದನ್ನ ಬಯ್ಯೋದಾದ್ರೂ ಹೆಂಗೆ?” ಎಂದು ನಕ್ಕ.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಬ್ಬರೇ ಕೂತ ಹೆಂಗಸರು ಇವತ್ತಿಗೂ ನನ್ನ ಕಣ್ಣಿಗೆ ಬೀಳುತ್ತಾರೆ. ಅವರ ಪಕ್ಕ ಒಂದಿಷ್ಟು ಹೊತ್ತು ಕೂತಂತಾಗಲಿ ಎಂದು ಬರೆಯುತ್ತಿದ್ದೇನೆ. ಕೂತ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಅದನ್ನು ಬಿಟ್ಟರೆ ನನ್ನ ಕಾಯಿಲೆಯ ಕತೆ ಅರ್ಧವೇ.

ಎಪ್ಪತ್ತರ ದಶಕದ ನಡುವಿನ ಮಾತು. ನನ್ನನ್ನು ತುರುವೇಕೆರೆ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಒಂದು ಬೆಳಿಗ್ಗೆ ಒಲೆ ಊದುವಾಗ ಕೆಮ್ಮು ಬಂದು ಸೆರಗಿನ ಮೇಲೆ ಕೆಂಪು ಬಿತ್ತು. ಕುಂಕುಮ ಚೆಲ್ಲಿಕೊಂಡೆ ಎಂದುಕೊಂಡೆ. ಅತ್ತೆ ನೋಡಿದರು. ಅವರು ಕೂಗಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಸೀರೆಗಳನ್ನು ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದರು ಅಷ್ಟೇ. ಗಂಡ ನನ್ನನ್ನು ಬಸ್ಸಿನಲ್ಲಿ ತಿಪಟೂರಿಗೆ, ಅಲ್ಲಿಂದ ನನ್ನ ತವರು ಬಿಳಿಗೆರೆಗೆ ತಂದುಬಿಟ್ಟರು. “ಹವಾ ಬದಲಾದ್ರೆ ಸರಿಹೋಯ್ತದೆ ಅತ್ತೆ” ಎಂದು ಅಮ್ಮನಿಗೆ ಹೇಳಿ, ಕಾಸಿದ ಕಾಫಿ ಕುಡಿಯದೆ ಹೊರಟರು. ಅಲ್ಲಿದ್ದದ್ದೂ ತೆಂಗಿನ ಗಾಳಿ, ಇಲ್ಲಿದ್ದದ್ದೂ ಅದೇ. ಬದಲಾಗಲು ಏನಿತ್ತು!

ಅಮ್ಮ ನನ್ನ ಚಾಪೆಯನ್ನು ತೋಟದ ಕೊಬ್ಬರಿ ಮನೆಯಲ್ಲಿ ಹಾಸಿದಳು. ಅದು ಒಂದೇ ಕೋಣೆಯ ಮಣ್ಣಿನ ಮನೆ. ತಲೆಯ ಮೇಲೆ ಅಡಿಕೆ ದಬ್ಬೆಯ ಅಟ್ಟ, ಅಟ್ಟದ ತುಂಬ ಕಾಯಿ. ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುವುದು. ಒಳಗಿನ ನೀರು ತಾನಾಗಿ ಆರುತ್ತದೆ. ತಿರುಳು ಚಿಪ್ಪಿನಿಂದ ಕಳಚಿಕೊಂಡು ಉಂಡೆಯಾಗಿ ಕೂರುತ್ತದೆ. ಆಗ ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತದೆ. ಅದಕ್ಕೆ ಮುಂಚೆ ಒಡೆದರೆ ಆ ಕಾಯಿ ಕೊಬ್ಬರಿಗೂ ಇಲ್ಲ, ಸಾರಿಗೂ ಇಲ್ಲ. ಹಾಗಾಗಿ ಆಗಿದೆಯೋ ಇಲ್ಲವೋ ಎಂಬುದನ್ನು ಒಡೆಯದೆ, ಕಿವಿಯಿಂದಲೇ ಹೇಳಬೇಕು. ಇದರಲ್ಲಿ ನಂಜುಂಡನನ್ನು ಮೀರಿಸುವವರು ನಮ್ಮ ಊರಿನಲ್ಲಿ ಇರಲಿಲ್ಲ. ಚಿಕ್ಕಂದಿನಲ್ಲೇ ದೊಡ್ಡವರು ಅವನನ್ನು ಎತ್ತಿ ಅಟ್ಟಕ್ಕೆ ಹತ್ತಿಸುತ್ತಿದ್ದರು. “ಆಗೈತೆ, ಆಗೈತೆ, ಇದು ಇಲ್ಲ, ಆಗೈತೆ” ಎಂದು ಕಾಯಿ ಅಲ್ಲಾಡಿಸಿ ಅಲ್ಲಾಡಿಸಿ ಕೆಳಗೆ ಎಸೆಯುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ.

ಅಪ್ಪ ಬೇಗ ತೀರಿಕೊಂಡ ಮನೆ ನಮ್ಮದು. ನಂಜುಂಡನಿಗೆ ಓದು ಹತ್ತಲಿಲ್ಲ, ಗರಡಿ ಹತ್ತಿತು. ಸಾಮು ಮಾಡಿ, ದೊಣ್ಣೆವರಸೆ ಕಲಿತು ಮೈ ಹುರಿಗೊಂಡಿತ್ತು. ಕೈ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಕೊಡ, ಒರಳು, ಊಟದ ತಣಿಗೆ, ಕಡೆಗೆ ಎಮ್ಮೆಯ ಹೊಟ್ಟೆಯ ಮೇಲೂ ತಾಳ ಹಾಕುತ್ತಿದ್ದ. “ಲೇ, ಅದು ಹಾಲು ಕೊಡಬೇಕೋ ಕುಣೀಬೇಕೋ?” ಎಂದು ಅಮ್ಮ ಬಯ್ಯುತ್ತಿದ್ದಳು.

ನನ್ನ ಮದುವೆಯಾದ ಮೇಲೆ ಅವನು ಕೊಬ್ಬರಿ ಲಾರಿ ಹತ್ತಿ ಬೆಂಗಳೂರಿಗೆ ಹೋದ. ಗರಡಿಯ ಮೈ ನೋಡಿ ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯ, ಒಂದು ಹೋಟೆಲಿನವರು ಬಾಗಿಲು ಕಾಯಲು ಇಟ್ಟುಕೊಂಡರು. ಒಳಗೆ ಸಂಜೆಯಾದರೆ ಬ್ಯಾಂಡು. ಹೊರಗೆ ಇವನು ಬಾಗಿಲಿನ ಮರಕ್ಕೆ ಬೆರಳು ಬಡಿಯುತ್ತ ನಿಂತಿರುತ್ತಿದ್ದ. ಒಂದು ದಿನ ಬ್ಯಾಂಡಿನ ಮೇಷ್ಟ್ರು ಹೊರಗೆ ಬಂದು, ಇವನ ಬೆರಳನ್ನೇ ನೋಡುತ್ತ ನಿಂತು, ಒಳಗೆ ಕರೆದುಕೊಂಡು ಹೋದರಂತೆ. ಅವರು ಗೋವಾದವರು, ವಯಸ್ಸಾದವರು. ನನ್ನ ತಮ್ಮನನ್ನು ‘ನಾಂಡೋ’ ಎಂದು ಕರೆಯುತ್ತಿದ್ದರು. ಎದೆಯೆತ್ತರದ ಡೋಲುಗಳನ್ನು ನಿಂತುಕೊಂಡು ಬರಿಗೈಯಲ್ಲಿ ಬಾರಿಸುವುದನ್ನು ಅವನಿಗೆ ಕಲಿಸಿದವರು ಅವರೇ. ಅದಕ್ಕೆ ಕಾಂಗಾ ಎಂದು ಹೆಸರು. ಅದೇ ಬೀದಿಯ ಒಂದು ಮಾಳಿಗೆಯ ಮೇಲೆ ಹಗಲು ಕರಾಟೆ ಹೇಳಿಕೊಡುತ್ತಿದ್ದರು, ಅದಕ್ಕೂ ಸೇರಿಕೊಂಡ.

ಯುಗಾದಿಗೆ ಊರಿಗೆ ಬಂದಾಗ ಅಮ್ಮ ಕೇಳಿದಳು. “ಏನ್ಲಾ ನೀನು ಬಡಿಯೋದು?”

“ಲ್ಯಾಟಿನ್ ಸಂಗೀತ ಕಣವ್ವ. ಕ್ಯೂಬಾ ಅಂತ ಒಂದು ದೇಶ ಐತಂತೆ, ಅಲ್ಲೀದು. ಅಲ್ಲೂ ತೆಂಗಿನ ತೋಟ ಅವಂತೆ.”

“ಅಲ್ಲಿ ಕಾಯಿ ಕೀಳೋ ಗಂಡ್ಸು ಬಡಿಯಕ್ಕೆ ಹೋದ್ರೆ ಕಾಯಿ ಕೀಳೋರು ಯಾರು?”

ಅವನು ಅಟ್ಟ ಹತ್ತಿ, ಚೆನ್ನಾಗಿ ಆರಿದ ಎರಡು ಕಾಯಿ ಆರಿಸಿ, ಸಿಪ್ಪೆ ಸುಲಿದು, ಚಿಪ್ಪಿಗೆ ಹಿಡಿ ಕಟ್ಟಿಕೊಂಡ. ಒಳಗೆ ಕೊಬ್ಬರಿ ಉಂಡೆ ಹಾಗೇ ಇತ್ತು. ಬ್ಯಾಂಡಿನಲ್ಲಿ ಕೈಯಲ್ಲಿ ಹಿಡಿದು ಆಡಿಸುವ ಗಿಲಕಿಯಂಥದ್ದೊಂದು ಇತ್ತಂತೆ, ಅದು ಒಡೆದುಹೋಗಿತ್ತಂತೆ. ಇವನ ಕಾಯಿಗಳನ್ನು ನೋಡಿ ಎಲ್ಲರೂ ನಕ್ಕರಂತೆ. ಅಲ್ಲಾಡಿಸಿ ತೋರಿಸಿದ ಮೇಲೆ ಮೇಷ್ಟ್ರು ಅವನ್ನು ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡರಂತೆ.

ನನಗೆ ಹೀಗಾಗಿದೆ ಎಂದು ಯಾರು ಸುದ್ದಿ ಮುಟ್ಟಿಸಿದರೋ, ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ನಂಜುಂಡ ಕೊಬ್ಬರಿ ಮನೆಯ ಬಾಗಿಲಲ್ಲಿ ನಿಂತಿದ್ದ. ಅಷ್ಟರಲ್ಲಿ ಅಮ್ಮ ಮುದ್ದೆ ತಂದಳು. ತಂದವಳು ಯಾವತ್ತಿನಂತೆ ಹೊಸ್ತಿಲ ಮೇಲೆ ತಣಿಗೆ ಇಟ್ಟು, ಒಂದು ಗಳದಿಂದ ಅದನ್ನು ನನ್ನ ಕಡೆ ತಳ್ಳಿದಳು. ಅಮ್ಮನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ತಳ್ಳುವಾಗ ಅಳುತ್ತಿದ್ದಳು. ಆದರೂ ತಳ್ಳುತ್ತಿದ್ದಳು. ಅವಳ ತಂಗಿ ಇದೇ ಕೆಮ್ಮಿನಲ್ಲಿ ಹೋಗಿದ್ದಳು, ಆ ಭಯ.

ನಂಜುಂಡ ಗಳವನ್ನು ಅವಳ ಕೈಯಿಂದ ತೆಗೆದುಕೊಂಡ. “ಇದು ಗರಡಿ ಸಾಮಾನು ಕಣವ್ವ, ಅಡಿಗೆ ಸಾಮಾನಲ್ಲ” ಎಂದು ಮೂಲೆಗೆ ಒರಗಿಸಿ, ಒಳಗೆ ಬಂದು ನನ್ನ ಪಕ್ಕ ಕೂತ. ನನ್ನ ಹಣೆ ಮುಟ್ಟಿದ. ಯಾರಾದರೂ ನನ್ನನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ. ಜ್ವರವಿದ್ದ ಹಣೆಗೆ ಅವನ ಅಂಗೈ ಒರಟಾಗಿ, ತಣ್ಣಗೆ ಇತ್ತು. ಅದನ್ನು ಬರೆಯುವಾಗ ಈಗಲೂ ಹಣೆ ತಣ್ಣಗಾದಂತೆ ಅನಿಸುತ್ತದೆ.

ಅವನು ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ತಿಪಟೂರಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ನನ್ನ ಬೆನ್ನಿನ ಮೇಲೆ ಎಡಗೈ ಬೆರಳಿಟ್ಟು ಅದರ ಮೇಲೆ ಬಲಗೈ ಬೆರಳಿನಿಂದ ಟಕಟಕ ಎಂದು ತಟ್ಟುತ್ತ ಬಂದರು. ಮೇಲೆ ಟೊಣ್ ಎಂದಿತು. ಬಲಗಡೆ ಕೆಳಗೆ ಬಂದಂತೆ ಮಂದವಾಗಿ ದಪ್ ಎಂದಿತು. ನಂಜುಂಡ ತಡೆಯಲಾರದೆ, “ಅಲ್ಲಿ ನೀರೈತೆ ಸಾರ್” ಎಂದ.

ಡಾಕ್ಟರು ಕತ್ತೆತ್ತಿ ನೋಡಿದರು. “ನೀರೇ. ಹೇಗೆ ಗೊತ್ತಾಯ್ತಪ್ಪ?”

“ನಮ್ದು ತೆಂಗಿನ ತೋಟ ಸಾರ್.”

ಡಾಕ್ಟರು ಗಟ್ಟಿಯಾಗಿ ನಕ್ಕರು. ಆ ಕೋಣೆಯಲ್ಲಿ ಯಾರಾದರೂ ನಗುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ನಂಜುಂಡನ ಬೆರಳು ಹಿಡಿದು ಎಲ್ಲಿ ಹೇಗೆ ತಟ್ಟಬೇಕೆಂದು ತೋರಿಸಿದರು. ಆಮೇಲೆ ದಪ್ಪ ಸೂಜಿ ಹಾಕಿ ಬೆನ್ನಿನಿಂದ ನೀರು ತೆಗೆದರು. ಆ ಹೊತ್ತು ನಂಜುಂಡ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, “ಉಸಿರು ನನ್ ಜೊತೆ ಬುಡು, ಕರಾಟೇಲಿ ಹಿಂಗೇ ಬುಡಾದು” ಎಂದು ಮೂಗಿನಲ್ಲಿ ಎಳೆದು ಬಾಯಲ್ಲಿ ಬಿಡುತ್ತಿದ್ದ. ಅವನ ಕೆನ್ನೆ ಉಬ್ಬುವುದನ್ನು ನೋಡಿ ನನಗೆ ನೋವಿನ ನಡುವೆಯೂ ನಗು ಬಂತು.

ಅಲ್ಲಿಂದ ಮುಂದೆ ಇಂಜೆಕ್ಷನ್ನಿಗಾಗಿ ಸೈಕಲ್ ಪ್ರಯಾಣ ಶುರುವಾಯಿತು. ಆ ದಾರಿಯನ್ನು ನೆನೆಸಿಕೊಂಡರೆ ಕಾಯಿಲೆಯ ನೆನಪಿಗಿಂತ ಹಬ್ಬದ ನೆನಪೇ ಬರುತ್ತದೆ. ಎರಡೂ ಕಡೆ ತೋಟ, ಏರಿಯ ಮೇಲೆ ಗಾಳಿ, ಮುಂದೆ ಅವನ ಅಗಲವಾದ ಬೆನ್ನು. ಕೊಬ್ಬರಿ ಹರಾಜಿನ ದಿನವಾದರೆ ಗಾಡಿಗಳ ಸಾಲು. ಅವನು ಬಾಯಲ್ಲೇ ಬ್ಯಾಂಡಿನ ವಾದ್ಯಗಳನ್ನೆಲ್ಲ ನುಡಿಸುತ್ತ ಪೆಡಲು ತುಳಿಯುತ್ತಿದ್ದ. ನಾನು ಸೀಟಿನ ಕಬ್ಬಿಣಕ್ಕೆ ಬಳೆ ಬಡಿಯುತ್ತಿದ್ದೆ. ತಪ್ಪಿದರೆ, “ಅಕ್ಕೋ, ಬ್ಯಾಂಡಿಂದ ಇಳಿಸ್ಬುಡ್ತೀನಿ ನೋಡು” ಎನ್ನುತ್ತಿದ್ದ.

ಆಸ್ಪತ್ರೆಯ ಬೆಂಚಿನಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಮುದುಕಿ ನನ್ನ ಪಕ್ಕ ಕೂರುತ್ತಿದ್ದಳು. ಹೆಸರು ಕೆಂಪಜ್ಜಿ. ಸೆರಗಿನ ತುದಿಯಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು ಬಂದು ನನಗೂ ಕೊಡುತ್ತಿದ್ದಳು.

“ಆ ಹುಡುಗ ಯಾರವ್ವ?”

“ನನ್ ತಮ್ಮ.”

“ಪುಣ್ಯವಂತೆ ಕಣೇ. ನಂಗೆ ಈ ಕಂಬಳೀನೇ ತಮ್ಮ, ಕಂಬಳೀನೇ ಮಗ.” ಹೀಗೆಂದು ತನ್ನ ಮಾತಿಗೆ ತಾನೇ ನಗುತ್ತಿದ್ದಳು.

ಸಂಜೆ ಹೊತ್ತು ಮುಳುಗುವ ಮುಂಚೆ ನಂಜುಂಡ ಅಂಗಳದಲ್ಲಿ ದೊಣ್ಣೆ ತಿರುಗಿಸಿ, ಕರಾಟೆಯ ವರಸೆ ಹಾಕಿ, ಮೈ ತೊಳೆದು ನನ್ನ ಹತ್ತಿರ ಬಂದು ಕೂರುತ್ತಿದ್ದ. ಕಫ ಸಡಿಲವಾಗಲಿ ಎಂದು ಬೆನ್ನು ತಟ್ಟುತ್ತಿದ್ದ. ಮೊದಲು ಡಾಕ್ಟರು ಹೇಳಿಕೊಟ್ಟಂತೆ ಬೆರಳಿನಿಂದ ಮೇಲಿನಿಂದ ಕೆಳಗೆ ತಟ್ಟಿ ಕಿವಿಗೊಡುತ್ತಿದ್ದ. “ಇಲ್ಲಿಗಂಟ ಆರೈತೆ. ಇನ್ನು ಇಷ್ಟು ಉಳ್ಕಂಡೈತೆ” ಎಂದು ಬೆರಳಿನಿಂದ ಗೆರೆ ಎಳೆಯುತ್ತಿದ್ದ. ಆಮೇಲೆ ಅಂಗೈ ಗುಬ್ಬಿಯ ಗೂಡಿನಂತೆ ಮಾಡಿ ಕ್ಯೂಬಾದ ತಾಳ ಹಾಕುತ್ತಿದ್ದ. ಕೊನೆಗೆ ಮೂರು ಏಟು, ತುಸು ತಡೆದು ಎರಡು ಏಟು. ಅದು ಅವರ ಸಂಗೀತದ ಬೆನ್ನೆಲುಬಂತೆ. ಆ ಎರಡನೆಯ ಏಟು ಮುಗಿದ ಮೇಲೆ ನನಗೆ ನಿದ್ದೆ ಬರುತ್ತಿತ್ತು. ಅವನ ಕೈಯ ಬಿಸಿ ಬೆನ್ನಿನ ಮೇಲೆ ಉಳಿದಿರುತ್ತಿತ್ತು.

ಹೀಗಿರುವಾಗ ದಸರಾ ಹೊತ್ತಿಗೆ ಕೊಬ್ಬರಿ ಲಾರಿಯ ಡ್ರೈವರ್ ಬಾಷಾ ತೋಟದ ತನಕ ನಡೆದುಕೊಂಡು ಬಂದ.

“ಏನ್ ನಂಜುಂಡಣ್ಣ, ಹಡಗು ಹತ್ತೀಯಂತಲ್ಲ! ನಿಮ್ ಬ್ಯಾಂಡ್ ಮೇಷ್ಟ್ರು ಹೇಳಿ ಕಳ್ಸವ್ರೆ. ಬೊಂಬಾಯಿಂದ ದೊಡ್ಡ ಹಡಗು, ಫಾರಿನ್ ಜನ, ಅದ್ರಾಗೆ ದಿನಾ ಬ್ಯಾಂಡು. ದೀಪಾವಳಿ ಆದ ತಕ್ಷಣ ಹೊರಡ್ತದಂತೆ. ನಾಂಡೋ ಬಂದ್ರೆ ನಾಂಡೋ, ಇಲ್ಲಾಂದ್ರೆ ಬೇರೆಯೋರ್ನ ಹಾಕ್ಕಂತೀನಿ ಅಂದವ್ರೆ.”

ನಂಜುಂಡ ಕೈಯಲ್ಲಿದ್ದ ಎಳನೀರನ್ನು ಕೆತ್ತಿ ಬಾಷಾನಿಗೆ ಕೊಟ್ಟ. ಅವನ ಮುಖ ಮಾತ್ರ ಬೆಳಗಿದ್ದನ್ನು ನಾನು ಒಳಗಿನಿಂದ ನೋಡಿದೆ.

“ಅಲ್ಲಿ ಕ್ಯೂಬಾದೋರೇ ಸಿಕ್ಕಿದ್ರೂ ಸಿಕ್ಕಬೌದು ಕಣಕ್ಕ” ಎಂದ ಅವತ್ತು ಸಂಜೆ. “ಅವರ ಮುಂದೆ ಬಾರಿಸಿ, ಸರಿನಾ ತಪ್ಪಾ ಕೇಳ್ಬೇಕು.” ಆಮೇಲೆ ನನ್ನ ಬೆನ್ನಿಗೆ ಬೆರಳಿಟ್ಟು, “ನಿಂದು ಆರಿದ್ರೆ ಮಾತ್ರ. ಇಲ್ದಿದ್ರೆ ಹಡಗು ಎಲ್ಲಿಗೆ ಬೇಕಾದ್ರೂ ಹೋಗ್ಲಿ ಬುಡು” ಎಂದ.

ದೀಪಾವಳಿಗೆ ಸ್ವಲ್ಪ ಮುಂಚೆ ಕಫದ ಪರೀಕ್ಷೆ, ಎಕ್ಸ್‌ರೇ ಎರಡೂ ಆದವು. ಫಲಿತಾಂಶದ ದಿನ ನಂಜುಂಡ ಹೊರಗೆ ಬೇವಿನ ಮರದ ಕೆಳಗೆ ಸೈಕಲ್ ಹಿಡಿದು ನಿಂತ. ನಾನು ಒಳಗೆ ಬೆಂಚಿನ ಮೇಲೆ ಕೂತೆ. ಕೆಂಪಜ್ಜಿ ಆಗಲೇ ಡಾಕ್ಟರ ಕೋಣೆಯಿಂದ ಹೊರಗೆ ಬಂದಿದ್ದಳು. ಕಡಲೆಕಾಯಿ ಕೊಡಲಿಲ್ಲ.

“ವಾಸಿ ಆಗೈತಂತೆ ಕಣವ್ವ ನಂಗೆ” ಎಂದಳು. “ಮಾತ್ರೆ ಕೊಟ್ಟವ್ರೆ. ಇನ್ ಮ್ಯಾಲೆ ಪದೇ ಪದೇ ಬರಬ್ಯಾಡ ಅಂದ್ರು. ಇಲ್ಲಿಗೆ ಬಂದ್ರೆ ನೀವೆಲ್ಲ ಒಂದ್ ಮಾತಾಡ್ತಿದ್ರಿ. ಇನ್ ಯಾವ ಬಾಗ್ಲಿಗೆ ಹೋಗ್ಲಿ?”

ಅವಳು ಕಂಬಳಿ ಹೊದ್ದು ಹೋದಳು. ನನ್ನ ಸರದಿ ಬಂತು. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸಂತೋಷದಿಂದಲೇ ಹೇಳಿದರು. “ಗೆದ್ದೆ ಕಣಮ್ಮ. ಕಫದಲ್ಲಿ ಏನೂ ಇಲ್ಲ, ನೀರೂ ಇಲ್ಲ. ನಿನ್ನಿಂದ ಇನ್ನು ಯಾರಿಗೂ ಅಂಟೋದಿಲ್ಲ. ಇಂಜೆಕ್ಷನ್ ನಿಲ್ಲಿಸ್ತೀನಿ. ಮಾತ್ರೆ ಮಾತ್ರ ನಾನು ಹೇಳೋವರೆಗೂ ಬಿಡಬೇಡ. ನಿನ್ನ ತಮ್ಮನಿಗೆ ಹೇಳು, ಅವನು ಅವನ ಕೆಲಸಕ್ಕೆ ಹೋಗಬಹುದು.”

ನಾನು ಕೈ ಮುಗಿದು ಹೊರಗೆ ಬಂದೆ. ಬಾಗಿಲಿನಿಂದ ಬೇವಿನ ಮರಕ್ಕೆ ಹೆಚ್ಚು ದೂರವಿಲ್ಲ. ಆ ದೂರದಲ್ಲಿ ನನಗೆ ಕಂಡದ್ದು ಕೊಬ್ಬರಿ ಮನೆಯ ಹೊಸ್ತಿಲು, ಮೂಲೆಯ ಗಳ, ಅಮ್ಮನ ಕಣ್ಣೀರು. ಡಾಕ್ಟರು ಅಂಟುವುದಿಲ್ಲ ಎಂದರೂ ಅಮ್ಮ ಮುಟ್ಟುತ್ತಾಳೆಯೇ? ಸಂಜೆಯಾದರೆ ಯಾರು ಬಂದು ಬೆನ್ನಿನ ಮೇಲೆ ಕೈ ಇಡುತ್ತಾರೆ? ಕಾಯಿಲೆ ನನಗೆ ತಮ್ಮನನ್ನು ತಂದುಕೊಟ್ಟಿತ್ತು. ಅದು ಹೋದರೆ ಅವನೂ ಹೋಗುತ್ತಾನೆ. ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು.

“ಏನಂದ್ರು?” ಎಂದ ನಂಜುಂಡ.

“ಇನ್ನೂ ಸ್ವಲ್ಪ ಐತಂತೆ. ಇಂಜೆಕ್ಷನ್ ಬದ್ಲು ಮಾತ್ರೆ ಕೊಟ್ಟವ್ರೆ. ಸಂಕ್ರಾಂತಿ ಹೊತ್ಗೆ ಮತ್ತೆ ನೋಡ್ತಾರಂತೆ.”

ಅವನು ಒಂದು ಗಳಿಗೆ ಸೈಕಲ್ಲಿನ ಹ್ಯಾಂಡಲ್ ನೋಡಿದ. “ಸರಿ, ಕೂತ್ಕ” ಎಂದ. ದಾರಿಯುದ್ದಕ್ಕೂ ಬಾಯಲ್ಲಿ ಬ್ಯಾಂಡು ನುಡಿಸಿದ. ನನ್ನ ಬಳೆಗಳು ಮಾತ್ರ ಸುಮ್ಮನಿದ್ದವು.

ತಪ್ಪು ಅಲ್ಲಿಗೇ ಮುಗಿಯಲಿಲ್ಲ. ಸಂಜೆ ಬೆನ್ನು ತಟ್ಟುತ್ತಿದ್ದವನು ಬಲಗಡೆ ಕೆಳಗೆ ಬಂದಾಗ ನಿಂತ. ಮತ್ತೆ ತಟ್ಟಿದ. ಎಡಕ್ಕೆ ತಟ್ಟಿ, ಬಲಕ್ಕೆ ತಟ್ಟಿ ಹೋಲಿಸಿದ. “ಅಕ್ಕಾ, ಎರಡೂ ಒಂದೇ ತರ ಕೇಳ್ತದಲ್ಲ. ಆರಿದಂಗೇ ಐತೆ. ನೀರು ಎಲ್ಲೂ ಇಲ್ಲ!” ಅವನ ದನಿಯಲ್ಲಿದ್ದ ಆಸೆ ನನಗೆ ಬೆನ್ನಿನ ಮೂಲಕವೇ ಗೊತ್ತಾಯಿತು.

ಆಗಲಾದರೂ ಹೌದು ಎನ್ನಬಹುದಿತ್ತು. ನಾನು ತಿರುಗಿ, “ದೊಡ್ ಡಾಕ್ಟ್ರು ಇವ್ನು! ಎಕ್ಸ್‌ರೇಲಿ ಕಂಡಿದ್ದು ನಿನ್ ಕಿವಿಗೆ ಕಾಣ್ತದಾ?” ಎಂದುಬಿಟ್ಟೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. “ಅದೂ ಸರಿಯೇ” ಎಂದ. ಅವತ್ತು ಮೂರು ಏಟು ಹಾಕಿದ. ಎರಡು ಹಾಕುವುದನ್ನು ಮರೆತು ಎದ್ದುಹೋದ.

ಹಡಗು ಬೇರೆ ಯಾರನ್ನೋ ಹತ್ತಿಸಿಕೊಂಡು ಹೋಯಿತು. ಸಂಕ್ರಾಂತಿಯ ಹೊತ್ತಿಗೆ ನಾನು ‘ವಾಸಿಯಾಯಿತಂತೆ’ ಎಂದು ಹೇಳಿದೆ. ಅಮ್ಮ ಎಳ್ಳು ಬೆಲ್ಲವನ್ನು ತಾನೇ ನನ್ನ ಬಾಯಿಗೆ ಹಾಕಿದಳು. ಅವಳ ಬೆರಳು ನನ್ನ ತುಟಿಗೆ ತಾಗಿತು. ನಾನು ಹೆದರಿದ್ದು ಸುಳ್ಳಾಗಿತ್ತು. ಯುಗಾದಿ ಕಳೆದ ಮೇಲೆ ಗಂಡ ಬಂದರು, ಈ ಸಲ ಕಾಫಿ ಕುಡಿದರು, ನನ್ನನ್ನು ಕರೆದುಕೊಂಡು ಹೋದರು. ಅವರನ್ನು ಕ್ಷಮಿಸುವುದು ಕಷ್ಟವಾಗಲಿಲ್ಲ. ನಾನು ಮಾಡಿದ್ದರ ಮುಂದೆ ಅವರು ಮಾಡಿದ್ದೇನು? ಮಾತ್ರೆಗಳನ್ನು ಡಾಕ್ಟರು ಹೇಳುವವರೆಗೂ ನುಂಗಿದೆ. ಹೀಗೆ ನನ್ನ ಬದುಕು ನನಗೆ ವಾಪಸ್ಸು ಬಂತು.

ನಂಜುಂಡ ಬೆಂಗಳೂರಿನ ಅದೇ ಹೋಟೆಲಿಗೆ ಹೋದ. ಅಲ್ಲಿ ಹೊಸ ಬ್ಯಾಂಡು ಕಟ್ಟಿದ್ದರು. ಎಂಬತ್ತರ ದಶಕದ ಮೊದಲಲ್ಲಿ ನಾನೂ ಗಂಡನೂ ಒಂದು ಸಲ ನೋಡಲು ಹೋಗಿದ್ದೆವು. ಅಡಿಗೆಮನೆಯ ಪಕ್ಕದ ಬಾಗಿಲಲ್ಲಿ ಕುರ್ಚಿ ಹಾಕಿಸಿ ಕೂರಿಸಿದ್ದ. ಹೂವಿನ ಅಂಗಿ ತೊಟ್ಟು, ಎರಡು ದೊಡ್ಡ ಡೋಲುಗಳ ನಡುವೆ ಗರಡಿಯಲ್ಲಿ ನಿಲ್ಲುವಂತೆ ಕಾಲು ಊರಿ ನಿಂತಿದ್ದ. ಆ ಕೈಗಳ ವೇಗ ನೋಡಿ ನನ್ನ ಗಂಡ, “ಏನೇ ಇದು, ಕೈ ಕಾಣ್ತಾನೇ ಇಲ್ಲ!” ಎಂದರು. ನನಗೆ ಕೈಗಿಂತ ಅವನ ಕಣ್ಣು ಕಂಡಿತು. ನಮ್ಮ ಅಂಗಳದಲ್ಲಿ ಕೊಡ, ಒರಳಿನ ಮೇಲೆ ಅವನು ಕಣ್ಣು ಮುಚ್ಚಿಯೇ ಬಾರಿಸುತ್ತಿದ್ದ. ಇಲ್ಲಿ ಕಣ್ಣು ಮಿಟುಕಿಸದೆ ಪಿಯಾನೋ ನುಡಿಸುವವನ ಪಾದವನ್ನೇ ನೋಡುತ್ತ, ಅದು ತಾಳ ಹಾಕಿದಂತೆ ಬಾರಿಸುತ್ತಿದ್ದ. ಯಾಕೆ ಎಂದು ಆಗ ಹೊಳೆಯಲಿಲ್ಲ.

ಕೆಲವು ವರ್ಷಕ್ಕೆ ಹೋಟೆಲಿನವರು ಬ್ಯಾಂಡು ನಿಲ್ಲಿಸಿ ಟೇಪು ಹಾಕತೊಡಗಿದರು. ನಂಜುಂಡ ಡೋಲುಗಳನ್ನು ಬಾಷಾನ ಲಾರಿಯಲ್ಲಿ ಹಾಕಿಕೊಂಡು ಊರಿಗೆ ಬಂದ. ತಿಪಟೂರಿನಲ್ಲಿ ಒಂದು ಹಳೆಯ ಗೋದಾಮು ಹಿಡಿದು ಹುಡುಗರಿಗೆ ಕರಾಟೆ, ದೊಣ್ಣೆವರಸೆ ಕಲಿಸತೊಡಗಿದ. ಡೋಲುಗಳು ಕೊಬ್ಬರಿ ಮನೆಯ ಮೂಲೆ ಸೇರಿದವು, ಬಟ್ಟೆ ಹೊದ್ದುಕೊಂಡು.

ಆ ವರ್ಷ ಅಟ್ಟದ ಕಾಯಿ ಇಳಿಸಲು ನಾನೂ ತವರಿಗೆ ಬಂದಿದ್ದೆ. ನಂಜುಂಡ ಮೇಲೆ, ನಾನು ಕೆಳಗೆ ಬುಟ್ಟಿ ಹಿಡಿದು. ಅಮ್ಮ ಅಂಗಳದಲ್ಲಿ ಕೂತಿದ್ದಳು. ಅವನು ಒಂದು ಕಾಯಿ ಅಲ್ಲಾಡಿಸಿದ, ಕಿವಿಗೆ ಹಿಡಿದ, ಮತ್ತೆ ಅಲ್ಲಾಡಿಸಿದ. ಆಮೇಲೆ ಇಳಿದು ಬಂದು ಮಚ್ಚಿನಿಂದ ಒಡೆದ. ಒಳಗೆ ಇನ್ನೂ ಹಸಿ. ಕೊಬ್ಬರಿ ಕೆಟ್ಟಿತು.

“ಇನ್ನೊಂದು ಹೋಯ್ತು!” ಎಂದಳು ಅಮ್ಮ. “ಪ್ರತಿ ಸಲಾನೂ ಹಿಂಗೇ. ನಿನ್ ಕಿವಿಗೇನು ಬಂತ್ಲಾ? ಚಿಕ್ಕೋನಿದ್ದಾಗ ಒಂದೂ ಒಡೀದೆ ಹೇಳ್ತಿದ್ದೆ.”

ಅವನು ನಗುತ್ತಲೇ ನನಗೆ ಮಾತ್ರ ಕೇಳುವಂತೆ ಹೇಳಿದ. “ಈ ಕಿವಿ ನಂಬಂಗಿಲ್ಲ ಕಣಕ್ಕ. ನಿನ್ ಕಾಯ್ಲೆ ಟೈಮಲ್ಲೇ ಗೊತ್ತಾಯ್ತು.”

“ಏನ್ ಗೊತ್ತಾಯ್ತು?”

“ಅವತ್ತು ನಿನ್ ಬೆನ್ನು ತಟ್ದಾಗ ಪೂರ್ತಿ ಆರೈತೆ ಅಂತ ಕೇಳಿಸ್ತು. ಎಷ್ಟು ಚೆನ್ನಾಗಿ ಕೇಳಿಸ್ತು ಅಂತೀಯ! ಡಾಕ್ಟ್ರು ನೋಡಿದ್ರೆ ಇನ್ನೂ ಐತೆ ಅಂದಿದ್ರು. ಅಂದ್ರೇನು? ಹಡಗು ಹತ್ತೋ ಆಸೆಗೆ ನಂಗೆ ಬೇಕಾದ್ದೇ ಕೇಳಿಸ್ತು ಅಂತ ತಾನೆ? ನೀನು ಅಷ್ಟು ಕಷ್ಟದಾಗಿರೋವಾಗ ನನ್ ಕಿವಿ ನನ್ ಅನುಕೂಲಕ್ಕೆ ಸುಳ್ಳು ಹೇಳ್ತು. ಆಮೇಲೆ ಡೋಲಿನ ಮುಂದೆ ನಿಂತ್ರೂ ಅದೇ. ಕೇಳಿದ್ದು ದಿಟಾನೋ, ನಾನೇ ಅಂದ್ಕಂಡಿದ್ದೋ ಅಂತ ಅನುಮಾನ. ಪಕ್ಕದೋನ ಕಾಲು ನೋಡ್ಕಂಡು ಬಾರಿಸ್ತಿದ್ದೆ.”

ನಾನು ಬುಟ್ಟಿಯನ್ನು ಕೆಳಗಿಟ್ಟೆ. ಇಷ್ಟು ವರ್ಷ ನಾನು ಒಂದು ಹಡಗನ್ನು ಮಾತ್ರ ತಪ್ಪಿಸಿದೆ ಎಂದುಕೊಂಡಿದ್ದೆ.

“ನಿನ್ ಕಿವಿ ಸರಿಯಾಗೇ ಇತ್ತು ನಂಜುಂಡ” ಎಂದೆ. “ಆರಿತ್ತು. ಡಾಕ್ಟ್ರು ವಾಸಿ ಆಗೈತೆ ಅಂದಿದ್ರು. ನಿಂಗೆ ಕೆಲಸಕ್ಕೆ ಹೋಗು ಅಂತ ಹೇಳು ಅಂದಿದ್ರು. ನಾನು ಹೇಳಲಿಲ್ಲ. ನೀನು ಹೋಗ್ಬುಡ್ತೀಯ ಅಂತ.”

ಅವನು ಮಚ್ಚನ್ನು ಮೆಲ್ಲಗೆ ಕೆಳಗಿಟ್ಟ. ನನ್ನ ಮುಖ ನೋಡಿದ. ನನಗೆ ಮೊದಲಿನಿಂದಲೂ ಒಂದು ಆಸೆ ಇತ್ತು. ಹೇಳಿದ ದಿನ ಅವನು ‘ಗೊತ್ತಿತ್ತು ಬುಡಕ್ಕ’ ಎನ್ನಬಹುದು ಎಂದು. ಅವನು ಹಾಗೆ ಹೇಳಲಿಲ್ಲ.

“ನಂಗೆ ಗೊತ್ತಿರಲಿಲ್ಲ” ಎಂದ. “ನಿನ್ ಮಾತು ನಂಬಿದ್ದೆ.”

ಎದ್ದು ತೋಟದ ಒಳಕ್ಕೆ ನಡೆದ. ಊಟಕ್ಕೆ ಬರಲಿಲ್ಲ. ಅಮ್ಮ ಕೇಳಿದಾಗ ಅವಳಿಗೂ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಅಂದು ನನ್ನ ತಣಿಗೆ ತಳ್ಳಲು ಗಳ ಹಿಡಿದಿದ್ದ ತನ್ನ ಕೈಯನ್ನೇ ನೋಡಿಕೊಳ್ಳುತ್ತ ಕೂತಳು.

ಬೆಂಚಿನ ಮೇಲೆ ಕೂತಿರುವ ನನ್ನಂಥವರಿಗೆ ಇಷ್ಟು ಹೇಳಬೇಕು. ಕಾಯಿಲೆಯಲ್ಲಿ ಯಾರಾದರೂ ಕೈ ಹಿಡಿದರೆ ಆ ಕೈಗೆ ಅಂಟಿಕೊಳ್ಳಬೇಕು ಅನಿಸುತ್ತದೆ. ಅನಿಸಲಿ. ‘ಹೋಗಬೇಡ, ನನಗೆ ಭಯವಾಗುತ್ತೆ’ ಎಂದು ಬಾಯಿಬಿಟ್ಟು ಹೇಳಿ. ನಂಜುಂಡನಿಗೆ ನಾನು ಹಾಗೆ ಹೇಳಿದ್ದರೆ ಅವನು ಉಳಿಯುತ್ತಿದ್ದನೋ ಹೋಗುತ್ತಿದ್ದನೋ ಗೊತ್ತಿಲ್ಲ. ಉಳಿದರೂ ಹೋದರೂ ಅವನ ಕಿವಿ ಅವನ ಹತ್ತಿರವೇ ಇರುತ್ತಿತ್ತು.

ಮಾರನೆಯ ಬೆಳಿಗ್ಗೆ ಅಟ್ಟದ ಮೇಲೆ ಗಡಗಡ ಸದ್ದು ಕೇಳಿ ಎದ್ದು ಹೋದೆ. ನಂಜುಂಡ ಆಗಲೇ ಮೇಲೆ ಹತ್ತಿದ್ದ. ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಒಂದೇ ಸಲ ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳಿ, ಕೆಲವನ್ನು ಹಿಂದಕ್ಕೆ ಸರಿಸಿ, ಕೆಲವನ್ನು ಮುಂದಕ್ಕೆ ಉರುಳಿಸುತ್ತಿದ್ದ. ಮಚ್ಚು ಕೆಳಗೆ ಗೋಡೆಗೆ ಒರಗಿತ್ತು. ಎರಡು ಕಾಯಿಗಳನ್ನು ಮಾತ್ರ, ಹಿಂದೆ ಗಿಲಕಿಗೆಂದು ಆರಿಸಿದಂತೆ, ಬೇರೆಯಾಗಿ ತನ್ನ ಮಗ್ಗುಲಲ್ಲಿ ಇಟ್ಟುಕೊಂಡಿದ್ದ. ಡೋಲುಗಳ ಮೇಲಿನ ಬಟ್ಟೆ ಹಾಗೇ ಇತ್ತು.

ನಾನು ಅಟ್ಟದ ಕೆಳಗೆ ಹೋಗಿ ನಿಂತೆ. ಅವನು ಕೆಳಗೆ ನೋಡದೆಯೇ ಹೇಳಿದ.

“ಸಿಟ್ಟು ಅಂಗೇ ಐತೆ ಕಣಕ್ಕ. ಬುಟ್ಟಿ ಹಿಡಿ.”

ನಾನು ಬುಟ್ಟಿ ಹಿಡಿದೆ.

“ಆಗೈತೆ” ಎಂದು ಮೊದಲನೆಯ ಕಾಯಿ ಎಸೆದ.